ಹಿತ್ತಲ ಹಲಸು, ಫ್ಲಮೆಂಕೊ ಗಿಟಾರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ ಒಂದು ಮಾತು ಬರೆದಿದ್ದೆ. ಫ್ಲಮೆಂಕೊ (ಸ್ಪೇನಿನ ಹಾಡು-ಕುಣಿತದ ಕಲೆ) ನುಡಿಸುವ ಗಿಟಾರ್ ಕಟ್ಟಲು ಎಲ್ಲ ಮರವನ್ನೂ ಸ್ಪೇನ್‌ನಿಂದ ತರಿಸಬೇಕಿಲ್ಲ, ಕೊಂಕಣದಲ್ಲೂ ಮಲೆನಾಡಲ್ಲೂ ಬೆಳೆಯುವ ಮರಗಳು ಅದಕ್ಕೆ ಚೆನ್ನಾಗಿ ಹೊಂದುತ್ತವೆ ಅಂತ. ಆ ಒಂದು ಸಾಲಿಗೆ ಗೋವಾ, ಮುಂಬೈ, ಪುಣೆಯ ಕನ್ನಡಿಗರಿಂದ ತುಂಬಾ ಪತ್ರ ಬಂದಿವೆ. ಹಾಗಾಗಿ ಈ ಸಲ ಪುಟ ಪೂರ್ತಿ ಇದೇ ವಿಷಯ. ಹೊಸ ಓದುಗರಿಗೆ ಹೇಳುವುದಾದರೆ, ನಾನು ಮಡಗಾಂವ್‌ನಲ್ಲಿ ತಂತಿವಾದ್ಯ ರಿಪೇರಿ ಮಾಡುವವನು, ಗಿಟಾರ್ ಕಟ್ಟುವವನು.

ಪ್ರಶ್ನೆ: ಮಗಳು ಕ್ಲಾಸಿಕಲ್ ಗಿಟಾರ್ ಕಲಿಯುತ್ತಿದ್ದಾಳೆ. ಈಗ ಫ್ಲಮೆಂಕೊ ಕಲಿಯಬೇಕಂತೆ, ಅದಕ್ಕೆ ಬೇರೆ ಗಿಟಾರ್ ಬೇಕಂತೆ. ನೋಡಿದರೆ ಎರಡೂ ಒಂದೇ ಥರ ಇವೆ. ಅದೇ ಆಕಾರ, ಅದೇ ಆರು ನೈಲಾನ್ ತಂತಿ. ನಿಜವಾಗಲೂ ಬೇರೆ ಬೇಕಾ, ಅಥವಾ ಇದು ಮಾರುವವರ ಮಾತಾ? (ವಾಸ್ಕೋದ ಓದುಗರು)

ಶುರುವಿಗೆ ಬೇಡ. ಇರುವ ಗಿಟಾರಿನಲ್ಲೇ ಮೊದಲು ರಸ್ಗೆಯಾಡೊ ಪಳಗಲಿ. ಅಂದರೆ ಬಲಗೈ ಬೆರಳುಗಳನ್ನು ಒಂದರ ಹಿಂದೊಂದು ಬಿಡಿಸುತ್ತಾ ಎಲ್ಲ ತಂತಿಗಳನ್ನೂ ಒಟ್ಟಿಗೆ ಮೀಟುವುದು. ಆದರೆ ಎರಡೂ ಒಂದೇ ವಾದ್ಯ ಅಲ್ಲ. ಅದು ಮಾರುವವರ ಮಾತಲ್ಲ, ನಿಜವೇ.

ಕ್ಲಾಸಿಕಲ್ ಗಿಟಾರಿನಲ್ಲಿ ಒಂದು ಸ್ವರ ಮೀಟಿದರೆ ಅದು ದುಂಡಗೆ ಹೊರಟು ತುಂಬಾ ಹೊತ್ತು ನಿಲ್ಲಬೇಕು. ಫ್ಲಮೆಂಕೊ ಬೆಳೆದದ್ದು ದಕ್ಷಿಣ ಸ್ಪೇನಿನ ಆಂಡಲೂಸಿಯಾದಲ್ಲಿ, ಹಾಡು ಮತ್ತು ಕುಣಿತದ ಜೊತೆಯಲ್ಲಿ. ಪಕ್ಕದಲ್ಲೇ ಒಬ್ಬರು ಗಂಟಲು ಬಿಚ್ಚಿ ಹಾಡುತ್ತಿರುತ್ತಾರೆ, ಸುತ್ತ ಕೂತವರು ಚಪ್ಪಾಳೆ ತಟ್ಟುತ್ತಾರೆ, ಕುಣಿಯುವವರ ಹಿಮ್ಮಡಿ ಹಲಗೆಯ ಮೇಲೆ ಬಡಿಯುತ್ತದೆ. ಆ ಸದ್ದಿನ ನಡುವೆ ಗಿಟಾರ್ ಕೇಳಿಸಬೇಕಾದರೆ ಸ್ವರ ಥಟ್ಟನೆ ಹೊರಡಬೇಕು, ಅಷ್ಟೇ ಬೇಗ ಆರಬೇಕು. ಇಲ್ಲದಿದ್ದರೆ 12 ಎಣಿಕೆಯ ಬುಲೆರಿಯಾದಂಥ ವೇಗದ ತಾಳದಲ್ಲಿ ಒಂದು ಸ್ವರದ ಮೇಲೆ ಇನ್ನೊಂದು ಬಿದ್ದು ಎಲ್ಲ ಕಲಸಿಹೋಗುತ್ತದೆ.

ಈ ಗಿಟಾರಿನ ಕಟ್ಟಡದ ಎಲ್ಲ ಲೆಕ್ಕ ಹೊರಡುವುದು ಇಲ್ಲಿಂದಲೇ. ಹಿಂಬದಿ ಮತ್ತು ಪಕ್ಕದ ಹಲಗೆ ಸುಮಾರು 2 ಮಿಲಿಮೀಟರ್ ದಪ್ಪ, ಅದೂ ಹಗುರ ಮರ. ಸಾಂಪ್ರದಾಯಿಕ ಫ್ಲಮೆಂಕೊ ಗಿಟಾರ್ ಕೈಗೆತ್ತಿಕೊಂಡರೆ ಎಷ್ಟು ಹಗುರ ಇದೆಯಲ್ಲ ಅಂತ ಆಶ್ಚರ್ಯ ಆಗುತ್ತದೆ. ಸುಮಾರು 1.2 ಕಿಲೋ ಇರುತ್ತದೆ. ಕ್ಲಾಸಿಕಲ್ ಸಾಮಾನ್ಯವಾಗಿ ಒಂದೂವರೆ ಕಿಲೋ ಆಸುಪಾಸು. ತಂತಿಗಳು ಫ್ರೆಟ್‌ಗೆ, ಅಂದರೆ ಅವುಗಳ ಕೆಳಗಿನ ಲೋಹದ ಅಡ್ಡಪಟ್ಟಿಗೆ, ಹತ್ತಿರ ಇರುತ್ತವೆ. 12ನೇ ಫ್ರೆಟ್ ಹತ್ತಿರ ಕ್ಲಾಸಿಕಲ್‌ನಲ್ಲಿ ದಪ್ಪ ತಂತಿ 4 ಮಿಲಿಮೀಟರ್ ಎತ್ತರದಲ್ಲಿದ್ದರೆ ಇಲ್ಲಿ 3 ಅಥವಾ ಅದಕ್ಕಿಂತ ಕಡಿಮೆ. ತಂತಿಗಳ ಬುಡ ಕಟ್ಟಿರುವ ಬ್ರಿಡ್ಜ್ ಕೂಡ ತಗ್ಗು, ಯಾಕೆಂದರೆ ನುಡಿಸುವವರು ಉಂಗುರ ಬೆರಳಲ್ಲಿ ಆಗಾಗ ಗಿಟಾರಿನ ಮುಂಬದಿಯನ್ನೇ ತಟ್ಟುತ್ತಾರೆ. ಇದಕ್ಕೆ ಗೋಲ್ಪೆ ಅಂತಾರೆ. ಆ ಪೆಟ್ಟಿಗೆ ಮರ ಹಾಳಾಗದಿರಲಿ ಅಂತ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ನಿಮ್ಮ ಮಗಳು ಇರುವ ಕ್ಲಾಸಿಕಲ್ ಗಿಟಾರಿನ ಮೇಲೆ ಗೋಲ್ಪೆ ಶುರು ಮಾಡುವ ಮುಂಚೆ ಅಂಥ ಒಂದು ಹಾಳೆ ಹಾಕಿಸಿಬಿಡಿ. ಟಾಪ್, ಅಂದರೆ ಮುಂಬದಿ ಹಲಗೆಯ ಮರ ಮೆದು, ಉಗುರು ತಾಗಿದರೂ ಗುಳಿ ಬೀಳುತ್ತದೆ.

ಪ್ರಶ್ನೆ: ಮಳೆಗಾಲದ ಗಾಳಿಗೆ ಹಿತ್ತಲಿನ ಹಳೆಯ ಹಲಸಿನ ಮರ ಬಿತ್ತು. ನಮ್ಮಜ್ಜ ನೆಟ್ಟ ಮರ. ಸೌದೆಗೆ ಕೊಡಲು ಮನಸ್ಸಿಲ್ಲ. ಮಗ ಗಿಟಾರ್ ನುಡಿಸುತ್ತಾನೆ. ಇದರಿಂದ ಗಿಟಾರ್ ಆಗುತ್ತಾ? (ಫೋಂಡಾದ ಓದುಗರು)

ಖಂಡಿತ ಆಗುತ್ತದೆ. ಇಂಥ ಪತ್ರ ಬಂದರೆ ನನಗೆ ನಿಜಕ್ಕೂ ಖುಷಿ. ಆದರೆ ತಡ ಮಾಡಬೇಡಿ. ಬಿದ್ದ ಮರದ ಕಾಂಡದ ಎರಡೂ ತುದಿಗೆ ಇವತ್ತೇ ಕರಗಿಸಿದ ಮೇಣ ಅಥವಾ ದಪ್ಪಗೆ ಆಯಿಲ್ ಪೇಂಟ್ ಬಳಿಯಿರಿ. ಮರದ ನೀರು ತುದಿಗಳಿಂದಲೇ ಬೇಗ ಆರುವುದು, ಬಿರುಕು ಶುರುವಾಗುವುದೂ ಅಲ್ಲಿಂದಲೇ. ಎಷ್ಟೋ ಒಳ್ಳೆ ಮರ ಹೀಗೆ ಹಾಳಾಗುತ್ತದೆ. ಇನ್ನೊಂದು, ಗೋವಾದಲ್ಲಿ 1984ರ ಮರ ಸಂರಕ್ಷಣೆ ಕಾಯ್ದೆ ಇದೆ. ಸ್ವಂತ ಜಾಗದ ಮರ ಕಡಿಯಲೂ ಅನುಮತಿ ಬೇಕು. ನಿಮ್ಮದು ತಾನಾಗಿ ಬಿದ್ದದ್ದಾದರೂ ಸಾಮಿಲ್‌ಗೆ ಸಾಗಿಸುವ ಮುಂಚೆ ಫೋಟೊ ತೆಗೆದಿಟ್ಟುಕೊಂಡು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ಕಾಗದ ಮಾಡಿಸಿಕೊಳ್ಳಿ.

ಹಲಸಿಗೆ ನಾದ ಹೊಸದಲ್ಲ. ತಂಜಾವೂರಿನ ವೀಣೆ ಹಲಸಿನದು, ಮೃದಂಗದ ಕಟ್ಟಿಗೆ ಹಲಸಿನದು. ಇದು ನಮಗೆಲ್ಲ ಗೊತ್ತು. ಗೊತ್ತಿಲ್ಲದ ಸಂಗತಿ ಅಂದರೆ ಫಿಲಿಪ್ಪೀನ್ಸ್‌ನ ಸೆಬುವಿನಲ್ಲಿ ಗಿಟಾರ್ ಕಟ್ಟುವವರು ಹಲಸನ್ನು ಬಳಸುತ್ತಲೇ ಬಂದಿದ್ದಾರೆ. ಆ ದ್ವೀಪಗಳು ಮುನ್ನೂರು ವರ್ಷಕ್ಕೂ ಜಾಸ್ತಿ ಸ್ಪೇನಿನ ಕೈಯಲ್ಲಿದ್ದವು, ಗಿಟಾರ್ ಅಲ್ಲಿಗೆ ಹೋದದ್ದು ಸ್ಪೇನಿನವರಿಂದ, ಮರ ಮಾತ್ರ ಅಲ್ಲಿನದೇ. ಅಂದಮೇಲೆ ಸ್ಪೇನಿನ ಗಿಟಾರಿಗೂ ಹಲಸಿಗೂ ನಂಟು ಹಳೆಯದು.

ಫ್ಲಮೆಂಕೊಗೆ ಇದು ಯಾಕೆ ಹೊಂದುತ್ತದೆ ಅಂದರೆ, ತೂಕದ ಕಾರಣಕ್ಕೆ. ಸ್ಪೇನಿನವರು ಬಳಸುವ ಸೈಪ್ರೆಸ್ ಮರ ಒಂದು ಘನ ಮೀಟರಿಗೆ ಸುಮಾರು 500 ಕಿಲೋ ತೂಗುತ್ತದೆ. ಹಲಸು ಸಾಮಾನ್ಯವಾಗಿ 500ರಿಂದ 650ರ ಒಳಗೆ. ಬೀಟೆ 800 ದಾಟುತ್ತದೆ. ಹಲಸಿನಲ್ಲಿ ಹಗುರ ಮರ ಆರಿಸಿಕೊಂಡು, ಸೈಪ್ರೆಸ್‌ಗಿಂತ ಕೂದಲೆಳೆಯಷ್ಟು ತೆಳ್ಳಗೆ ತೆಗೆದರೆ ಅದೇ ಚುರುಕು, ಅದೇ ಒಣ ಸದ್ದು ಬರುತ್ತದೆ. ಬಣ್ಣವೂ ಹತ್ತಿರ, ಎರಡೂ ಹಳದಿ. ಹಲಸು ಬೆಳಕು ಬಿದ್ದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ, ಅದಕ್ಕೆ ಬೇಜಾರು ಬೇಡ.

ಈಗ ಕೊಯ್ಯುವ ವಿಚಾರ. ಸಾಮಿಲ್‌ನವರು ಎಲ್ಲ ಮರವನ್ನೂ ಅಡ್ಡ ಮಲಗಿಸಿ ಒಂದೇ ದಿಕ್ಕಿಗೆ ಹಲಗೆ ಮಾಡಿಬಿಡುತ್ತಾರೆ. ಕಿಟಕಿ ಬಾಗಿಲಿಗೆ ಅದು ಸರಿ, ಗಿಟಾರಿಗೆ ಆಗದು. ಕಾಂಡವನ್ನು ಮೊದಲು ಉದ್ದಕ್ಕೆ ನಾಲ್ಕು ಹೋಳು ಮಾಡಿಸಿ. ಆಮೇಲೆ ಪ್ರತಿ ಹೋಳಿನಿಂದಲೂ, ಹಲಗೆಯ ತುದಿಯಲ್ಲಿ ನೋಡಿದಾಗ ವರ್ಷದ ಉಂಗುರಗಳು ನೇರ ನಿಂತಿರುವ ಹಾಗೆ ಕೊಯ್ಯಿಸಿ. ಹೀಗೆ ಕೊಯ್ದ ಹಲಗೆ ಮಳೆ ಬಿಸಿಲಿಗೆ ಹಿಗ್ಗಿ ಕುಗ್ಗುವುದು, ಅಡ್ಡ ಕೊಯ್ದದ್ದಕ್ಕಿಂತ ಸುಮಾರು ಅರ್ಧ ಮಾತ್ರ. ಹಿಂಬದಿಗೆ ಒಂದೇ ದಿಮ್ಮಿಯ ಅಕ್ಕಪಕ್ಕದ ಎರಡು ಹಲಗೆ ಬೇಕು, ತಲಾ 52 ಸೆಂಟಿಮೀಟರ್ ಉದ್ದ, 20 ಅಗಲ. ಅವನ್ನು ಪುಸ್ತಕ ತೆರೆದಂತೆ ಬಿಡಿಸಿ ಮಧ್ಯೆ ಜೋಡಿಸುತ್ತೇವೆ. ಪಕ್ಕಕ್ಕೆ 80 ಸೆಂಟಿಮೀಟರ್ ಉದ್ದ, 11 ಅಗಲದ ಎರಡು ಪಟ್ಟಿ. ಪಕ್ಕದ ಪಟ್ಟಿಗೆ ಎಳೆ ನೇರ ಇರುವ ಭಾಗವನ್ನೇ ಆರಿಸಿ, ಯಾಕೆಂದರೆ ಅವನ್ನು ಒದ್ದೆ ಮಾಡಿ ಕಾದ ಕೊಳವೆಯ ಮೇಲೆ ಬಾಗಿಸಬೇಕು. ಹಲಸಿನಲ್ಲಿ ಕೆಲವು ಕಡೆ ಎಳೆ ಹೆಣೆದುಕೊಂಡಿರುತ್ತದೆ, ಅಂಥ ಕಡೆ ಸೊಂಟದ ತಿರುವಿನಲ್ಲಿ ಸೀಳುತ್ತದೆ. ಹೊರಗಿನ ಬಿಳಿ ಭಾಗ ಬೇಡ, ಹುಳ ಹಿಡಿಯುತ್ತದೆ. ಒಳಗಿನ ಹಳದಿ ಕೆಚ್ಚು ಮಾತ್ರ ಇಟ್ಟುಕೊಳ್ಳಿ.

ಮೊದಲು ಒಂದು ಇಂಚು ದಪ್ಪದ ಹಲಗೆ ಮಾಡಿಸಿ, ನಡುನಡುವೆ ಚಕ್ಕೆ ಇಟ್ಟು ಗಾಳಿ ಆಡುವಂತೆ ಪೇರಿಸಿ, ಮೇಲೆ ಭಾರ ಹೇರಿ, ನೆರಳಲ್ಲಿಡಿ. ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೆಯ ಲೆಕ್ಕ. ನಮ್ಮ ಕರಾವಳಿಯಲ್ಲಿ ನಾಲ್ಕು ತಿಂಗಳು ಗಾಳಿಯೇ ಒದ್ದೆ ಇರುತ್ತದೆ, ಆದ್ದರಿಂದ ಅದಕ್ಕಿಂತ ಜಾಸ್ತಿಯೇ ಬಿಡಿ. ಆಮೇಲೆ 4 ಮಿಲಿಮೀಟರಿಗೆ ಸೀಳಿಸಿ ಮನೆಯೊಳಗೆ ಮತ್ತೆ ಕೆಲವು ತಿಂಗಳು ಒಣಗಿಸಿ. ಮಗನಿಗೆ ತಾಳ್ಮೆ ಇರಲಿ ಅಂತ ಹೇಳಿ. ಹಸಿ ಮರದಲ್ಲಿ ಆತುರಕ್ಕೆ ಕಟ್ಟಿದ ಗಿಟಾರ್ ಒಂದು ಬೇಸಿಗೆ ದಾಟುವುದಿಲ್ಲ.

ಪ್ರಶ್ನೆ: ಅಂಗಡಿಯಲ್ಲಿ ರೋಸ್‌ವುಡ್ ಗಿಟಾರೇ ಶ್ರೇಷ್ಠ ಅಂದರು. ನಮ್ಮ ಕಡೆಯ ಬೀಟೆಯೇ ಅಲ್ವಾ ಅದು? ಹಾಗಿದ್ದರೆ ಹಲಸಿನಂಥ ಮರ ಯಾಕೆ, ಬೀಟೆಯಲ್ಲೇ ಮಾಡಿಸಬಹುದಲ್ಲ? (ಡೊಂಬಿವಲಿಯ ಓದುಗರು)

ಹೌದು, ಅದು ನಮ್ಮ ಬೀಟೆಯೇ. ಬ್ರೆಜಿಲ್ ದೇಶ 1960ರ ದಶಕದ ಕೊನೆಯಲ್ಲಿ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತಿಗೆ ತಡೆ ಹಾಕಿದ ಮೇಲೆ ಜಗತ್ತಿನ ಗಿಟಾರ್ ಕಟ್ಟುವವರು ದೊಡ್ಡ ಪ್ರಮಾಣದಲ್ಲಿ ನಮ್ಮ ಪಶ್ಚಿಮ ಘಟ್ಟದ ಬೀಟೆಯತ್ತ ತಿರುಗಿದರು. ಫ್ಲಮೆಂಕೊದಲ್ಲೂ ಎರಡು ಬಗೆ ಇದೆ. ಸೈಪ್ರೆಸ್‌ನಂಥ ತಿಳಿ ಬಣ್ಣದ ಹಗುರ ಮರದ್ದು ಬ್ಲಾಂಕಾ. ರೋಸ್‌ವುಡ್‌ನಂಥ ಕಪ್ಪು, ಭಾರದ ಮರದ್ದು ನೆಗ್ರಾ. ನೆಗ್ರಾದಲ್ಲಿ ಸ್ವರ ಸ್ವಲ್ಪ ಗಾಢ, ಹೆಚ್ಚು ಹೊತ್ತು ನಿಲ್ಲುತ್ತದೆ. ವೇದಿಕೆಯಲ್ಲಿ ಒಬ್ಬರೇ ಕೂತು ನುಡಿಸುವವರು ಇದನ್ನು ಇಷ್ಟಪಡುತ್ತಾರೆ. ಹೆಸರಾಂತ ಫ್ಲಮೆಂಕೊ ಗಿಟಾರ್ ವಾದಕ ಪಾಕೊ ದೆ ಲೂಸಿಯಾ ಅವರ ಕೈಯಲ್ಲಿದ್ದ, ಮ್ಯಾಡ್ರಿಡ್‌ನಲ್ಲಿ ಗಿಟಾರ್ ಕಟ್ಟುವ 'ಕೊಂಡೆ' ಕುಟುಂಬದ ನೆಗ್ರಾ ಕೇಳಿದವರಿಗೆ ಅದರ ಶಕ್ತಿ ಗೊತ್ತು.

ಆದರೆ ಶ್ರೇಷ್ಠ ಅನ್ನುವ ಮಾತು ನಾನು ಒಪ್ಪುವುದಿಲ್ಲ. ಹಾಡಿಗೆ ಜೊತೆ ಕೊಡಲು, ಕುಣಿತಕ್ಕೆ ನುಡಿಸಲು ಬ್ಲಾಂಕಾನೇ ಸರಿ. ಬೀಟೆಗೆ ಬೆಲೆ ಜಾಸ್ತಿ, ಹೆಸರು ಜಾಸ್ತಿ, ಹಾಗಾಗಿ ಅಂಗಡಿಯವರು ಅದನ್ನೇ ಮುಂದೆ ತಳ್ಳುತ್ತಾರೆ. ಮೇಲಾಗಿ ಕಾಡಿನಲ್ಲಿ ಬೀಟೆ ಕಡಿಮೆಯಾಗುತ್ತಿದೆ. ಬೀಟೆ ಬೆಳೆದು ಹಲಗೆಗೆ ಬರಲು ಒಂದು ತಲೆಮಾರು ಸಾಲದು. 2017ರ ಜನವರಿಯಿಂದ ಬೀಟೆಯ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ನಿಯಂತ್ರಣ ಬಂತು. ಸಿದ್ಧ ವಾದ್ಯಗಳಿಗೆ 2019ರ ಕೊನೆಯಲ್ಲಿ ವಿನಾಯಿತಿ ಸಿಕ್ಕಿತು, ಮರದ ವ್ಯಾಪಾರಕ್ಕೆ ಮಾತ್ರ ಕಾಗದಪತ್ರ ಈಗಲೂ ಬೇಕು. ಕರ್ನಾಟಕದಲ್ಲಿ ನಿಮ್ಮ ತೋಟದ ಬೀಟೆ ಕಡಿಯಲೂ ಅರಣ್ಯ ಇಲಾಖೆ ಒಪ್ಪಬೇಕು.

ನನ್ನ ಸಲಹೆ ಇಷ್ಟು. ಇಡೀ ಗಿಟಾರಿಗೆ ಬೀಟೆ ಬೇಡ. ಫ್ರೆಟ್ ಹಲಗೆಗೂ ಬ್ರಿಡ್ಜ್‌ಗೂ ಬೇಕಾದ ಚಿಕ್ಕ ತುಂಡುಗಳನ್ನು ಹಳೆಯ ಪೀಠೋಪಕರಣದಿಂದ ತೆಗೆದುಕೊಳ್ಳಿ. ಗೋವಾದ ಹಳೇ ಮನೆಗಳಲ್ಲಿ ಮುರಿದ ಬೀಟೆಯ ಮಂಚ, ಕುರ್ಚಿ ಬೇಕಾದಷ್ಟು ಸಿಗುತ್ತವೆ. ಎಷ್ಟೋ ದಶಕ ಒಣಗಿದ ಮರ, ಅಂಥದ್ದು ಹೊಸದಾಗಿ ಎಲ್ಲೂ ಸಿಗುವುದಿಲ್ಲ.

ಪ್ರಶ್ನೆ: ಸೈಪ್ರೆಸ್‌ನ ಒಂದು ಜಾತಿಗೆ 'ಗೋವಾ ಸೀಡರ್' ಅಂತ ಹೆಸರಿದೆಯಂತೆ. ಹಾಗಾದರೆ ಗೋವಾದಲ್ಲೇ ಸೈಪ್ರೆಸ್ ಸಿಗಬೇಕಲ್ಲ? (ಮುಲುಂಡ್‌ನ ಓದುಗರು)

ಸಿಗುವುದಿಲ್ಲ. ಆ ಮರದ ಮೂಲ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಪೋರ್ಚುಗಲ್‌ನ ಬುಸಾಕೊ ಕಾಡಿನಲ್ಲಿ 17ನೇ ಶತಮಾನದಲ್ಲಿ ಅದನ್ನು ನೆಟ್ಟಿದ್ದರು, ಗೋವಾದಿಂದ ಬಂದದ್ದು ಅಂತ ಜನ ನಂಬಿದರು, ಹೆಸರು ಹಾಗೇ ಉಳಿಯಿತು. ಇಲ್ಲಿನ ಸೆಖೆಗೆ, ಮಳೆಗೆ ಅದು ಚೆನ್ನಾಗಿ ಬೆಳೆಯುವ ಮರವೂ ಅಲ್ಲ.

ದಕ್ಷಿಣದಲ್ಲಿ ಸೈಪ್ರೆಸ್ ಬೇಕೇ ಬೇಕು ಅಂದರೆ ನೀಲಗಿರಿಯ ಕಡೆ ನೋಡಿ. ಊಟಿಯ ಸುತ್ತಮುತ್ತ ಬ್ರಿಟಿಷರ ಕಾಲದಲ್ಲಿ ನೆಟ್ಟ ಮಾಂಟೆರೆ ಸೈಪ್ರೆಸ್ ಇವೆ. ಅದರ ತವರಾದ ಕ್ಯಾಲಿಫೋರ್ನಿಯಾದಲ್ಲಿ ಫ್ಲಮೆಂಕೊ ಗಿಟಾರ್ ಕಟ್ಟುವವರು ಇದನ್ನು ಬಳಸುತ್ತಾರೆ. ಮುದಿಯಾಗಿಯೋ ಗಾಳಿಗೋ ಬಿದ್ದ ಮರ ಕಾಗದಪತ್ರದ ಸಮೇತ ಸಿಕ್ಕರೆ ಬಿಡಬೇಡಿ. ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಸಿಲ್ವರ್ ಓಕ್ ಕೂಡ ಪರವಾಗಿಲ್ಲ. ಆಸ್ಟ್ರೇಲಿಯಾ ಮೂಲದ್ದಾದರೂ ನೆರಳಿಗೆಂದು ಅಲ್ಲಿ ಸಾಲುಸಾಲಾಗಿ ಬೆಳೆಸಿದ್ದಾರೆ, ತೂಕ ಹಲಸಿನಷ್ಟೇ, ನೇರ ಕೊಯ್ದರೆ ಮೈಮೇಲೆ ಹೊಳೆಯುವ ಮಚ್ಚೆ ಏಳುತ್ತವೆ. ನೋಡಲು ತುಂಬಾ ಚಂದ. ಅದರ ಪುಡಿ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಕೆಲಸ ಮಾಡುವಾಗ ಮಾಸ್ಕ್, ತೋಳು ಮುಚ್ಚುವ ಬಟ್ಟೆ ಇರಲಿ.

ಪ್ರಶ್ನೆ: ಸ್ಪೇನಿನ ಮರವೇ ಇಲ್ಲದಿದ್ದರೆ ಅದನ್ನು ಫ್ಲಮೆಂಕೊ ಗಿಟಾರ್ ಅನ್ನಬಹುದಾ? ಸುಮ್ನೆ ಹೆಸರಿಗೆ ಆಗುವುದಿಲ್ಲವಾ? (ಮಾಟುಂಗಾದ ಓದುಗರು)

ಸ್ಪೇನಿನವರು ಸೈಪ್ರೆಸ್ ಆರಿಸಿದ್ದು ಅದು ಪವಿತ್ರ ಅಂತಲ್ಲ. ಅದು ಅವರ ಊರಲ್ಲೇ ಬೆಳೆಯುತ್ತಿತ್ತು, ಅಗ್ಗಕ್ಕೆ ಸಿಗುತ್ತಿತ್ತು, ಹಗುರ ಇತ್ತು. ರೋಸ್‌ವುಡ್ ಹಡಗಿನಲ್ಲಿ ಬರಬೇಕು, ದುಬಾರಿ. ಹಾಡುವವರ, ಕುಣಿಯುವವರ ಜೊತೆ ನುಡಿಸುವ ಬಡ ಕಲಾವಿದನ ಕೈಗೆ ಎಟುಕಿದ್ದು ಸೈಪ್ರೆಸ್ ಗಿಟಾರ್. ಆ ಹಗುರ ಮರದ ಒಣ, ಗಟ್ಟಿ ಸದ್ದೇ ಆಮೇಲೆ ಫ್ಲಮೆಂಕೊದ ಸದ್ದಾಯಿತು. ಹಾಗಿರುವಾಗ ಗೋವಾದವರು ತಮ್ಮ ಹಿತ್ತಲಿನ ಹಗುರ ಮರದಲ್ಲಿ ಕಟ್ಟುವುದೇ ಆ ಪರಂಪರೆಗೆ ಹತ್ತಿರವಾದ ಕೆಲಸ ಅಂತ ನನ್ನ ನಂಬಿಕೆ. ಸಾವಿರಾರು ಮೈಲಿ ದೂರದಿಂದ ದುಬಾರಿ ಮರ ತರಿಸುವುದಕ್ಕೆ ಪರಂಪರೆಯ ಹೆಸರು ಬೇಡ.

ಫ್ಲಮೆಂಕೊ ಹೊರಗಿನದನ್ನು ಸೇರಿಸಿಕೊಳ್ಳುತ್ತಲೇ ಬೆಳೆದ ಕಲೆ. ಅದನ್ನು ಬೆಳೆಸಿದ ಸ್ಪೇನಿನ ರೋಮಾ ಜನರ (ಜಿಪ್ಸಿಗಳು ಅಂತ ಕರೆಯುವವರು) ಪೂರ್ವಿಕರು ನಮ್ಮ ವಾಯವ್ಯ ಭಾರತದಿಂದ ಹೊರಟವರು. ಇವತ್ತು ಪ್ರತಿ ಫ್ಲಮೆಂಕೊ ವೇದಿಕೆಯಲ್ಲೂ ಕಾಣುವ, ಮೇಲೆ ಕೂತು ಕೈಯಿಂದ ಬಾರಿಸುವ ಕಹೋನ್ ಪೆಟ್ಟಿಗೆ ಪೆರು ದೇಶದ್ದು, 1977ರ ಪ್ರವಾಸದಲ್ಲಿ ಪಾಕೊ ದೆ ಲೂಸಿಯಾ ಅಲ್ಲಿಂದ ತಂದರು. ಸ್ಪೇನಿನ ಕೈಗೆಲಸದ ಗಿಟಾರಿಗೆ ಉಜ್ಜುವ ಪಾಲಿಶ್ ಕೂಡ ಅರಗಿನದು. ಜಗತ್ತಿನಲ್ಲಿ ಅತಿ ಹೆಚ್ಚು ಅರಗು ಬೆಳೆಯುವ ದೇಶ ನಮ್ಮದು, ಜಾರ್ಖಂಡ್ ಮತ್ತು ಛತ್ತೀಸಗಡದ ಕಾಡುಗಳಲ್ಲಿ. ಅವರ ಗಿಟಾರಿನಲ್ಲಿ ನಮ್ಮ ಬೀಟೆ, ನಮ್ಮ ಅರಗು ಇದ್ದೂ ಅದು ಸ್ಪೇನಿನ ಗಿಟಾರ್ ಆಗಿಯೇ ಉಳಿದಿದೆಯಲ್ಲ?

ಪ್ರಶ್ನೆ: ಹಿಂಬದಿ, ಪಕ್ಕ ಎಲ್ಲ ಇಲ್ಲಿನ ಮರ ಅಂದಿರಿ. ಮುಂಬದಿಯ ಹಲಗೆ? ಅದೂ ಇಲ್ಲಿನದೇ ಆಗಬಹುದಾ? (ಮಾಪ್ಸಾದ ಓದುಗರು)

ಇಲ್ಲಿ ಮಾತ್ರ ನಾನು ರಾಜಿ ಆಗುವುದಿಲ್ಲ. ಟಾಪ್ ಹೊರಗಿನಿಂದ ತರಿಸಿ. ಗಿಟಾರಿನ ದನಿ ಬರುವುದೇ ಅದರಿಂದ. ಆಲ್ಮೆರಿಯಾದ ಆಂಟೋನಿಯೊ ದೆ ಟೊರೆಸ್ (1817–1892) ಇವತ್ತಿನ ಗಿಟಾರಿನ ಅಳತೆ, ಒಳಗಿನ ಬೀಸಣಿಗೆ ಆಕಾರದ ಪಟ್ಟಿಗಳ ಜೋಡಣೆ ಎಲ್ಲವನ್ನೂ ಒಂದು ನೆಲೆಗೆ ತಂದ ಮಹಾನುಭಾವ. ಅವರು 1862ರಲ್ಲಿ ಒಂದು ಗಿಟಾರ್ ಕಟ್ಟಿದರು. ಟಾಪ್ ಒಳ್ಳೆಯ ಸ್ಪ್ರೂಸ್ ಮರದ್ದು, ಹಿಂಬದಿ ಮತ್ತು ಪಕ್ಕ ಮಾತ್ರ ರಟ್ಟಿನದು. ದನಿಯ ಮೂಲ ಟಾಪ್ ಅಂತ ತೋರಿಸುವುದೇ ಅವರ ಉದ್ದೇಶವಾಗಿತ್ತು. ಆ ಗಿಟಾರ್ ಈಗಲೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

ಟಾಪ್‌ಗೆ ಹಗುರ ಇರಬೇಕು, ಉದ್ದಕ್ಕೆ ಬಿಗಿಯೂ ಇರಬೇಕು. ಈ ಎರಡೂ ಗುಣ ಒಟ್ಟಿಗೆ ಸಿಗುವುದು ಚಳಿ ದೇಶದಲ್ಲಿ ನಿಧಾನ ಬೆಳೆದ ಸ್ಪ್ರೂಸ್‌ನಂಥ ಮರದಲ್ಲಿ. ಘನ ಮೀಟರಿಗೆ 400 ಕಿಲೋ ಚಿಲ್ಲರೆ ತೂಕ, 2 ಮಿಲಿಮೀಟರ್ ಚಿಲ್ಲರೆಗೆ ತೆಳುಗೊಳಿಸಿದರೂ ತಂತಿಗಳ ಎಳೆತ ತಡೆಯುತ್ತದೆ. ಮ್ಯಾಡ್ರಿಡ್‌ನಲ್ಲಿ ಗಿಟಾರ್ ಕಟ್ಟುತ್ತಿದ್ದ ಮೂರನೇ ಹೊಸೆ ರಾಮಿರೆಸ್ 1960ರ ದಶಕದಲ್ಲಿ ಕೆನಡಾ ಕಡೆಯ ಕೆಂಪು ಸೀಡರ್ ಟಾಪ್ ಬಳಕೆಗೆ ತಂದರು, ಅದೂ ಚೆನ್ನ, ಆದರೆ ಫ್ಲಮೆಂಕೊದವರಲ್ಲಿ ಹೆಚ್ಚಿನವರಿಗೆ ಸ್ಪ್ರೂಸೇ ಇಷ್ಟ. ಪಶ್ಚಿಮ ಕರಾವಳಿಯಲ್ಲಿ ಇಂಥ ಮರ ಬೆಳೆಯುವುದಿಲ್ಲ. ಹಣ ಕಡಿಮೆ ಇದ್ದರೆ ಹಿಂಬದಿಯಲ್ಲಿ ಉಳಿಸಿ, ಕೆತ್ತನೆ ಅಲಂಕಾರದಲ್ಲಿ ಉಳಿಸಿ, ಟಾಪ್‌ಗೆ ಮಾತ್ರ ಖರ್ಚು ಮಾಡಿ.

ಪ್ರಶ್ನೆ: ಗೋವಾದಲ್ಲಿ ಕೈಯಿಂದ ಮಾಡಿದ ಗಿಟಾರ್ ಕೊಂಡೆ. ಅಲ್ಲಿ ಚೆನ್ನಾಗಿತ್ತು. ಪುಣೆಗೆ ತಂದ ಮೇಲೆ ಮಾರ್ಚ್‌ನಲ್ಲಿ ತಂತಿಗಳು ಝರ್ ಅನ್ನಲು ಶುರುವಾಯಿತು, ಫ್ರೆಟ್‌ಗಳ ತುದಿ ಕೈಗೆ ಚುಚ್ಚುತ್ತವೆ. ಮೋಸ ಹೋದೆನಾ? (ಪುಣೆ, ಕೋಥ್ರುಡ್‌ನ ಓದುಗರು)

ಅದು ಹವೆಯ ಕಾರಣಕ್ಕೆ. ಗಿಟಾರ್ ಒಣಗಿದೆ. ಇನ್ನೂ ಬಿರುಕು ಬಿಟ್ಟಿಲ್ಲವಾದರೆ ಗಾಬರಿ ಬೇಡ, ಆದರೆ ಇವತ್ತೇ ಕ್ರಮ ತೆಗೆದುಕೊಳ್ಳಿ.

ಮರ ತನ್ನ ಸುತ್ತಲಿನ ಗಾಳಿಗೆ ತಕ್ಕಂತೆ ನೀರು ಹೀರುತ್ತದೆ, ಬಿಡುತ್ತದೆ. ಗಾಳಿಯ ತೇವ ಶೇಕಡ 85 ಇದ್ದರೆ ಮರದೊಳಗಿನ ನೀರು ಅದರ ಒಣ ತೂಕದ ಶೇಕಡ 18ರ ಹತ್ತಿರ. ತೇವ 50 ಇದ್ದರೆ ಸುಮಾರು 9. ಗಾಳಿ 25ಕ್ಕೆ ಇಳಿದರೆ ಮರದ ನೀರು 5ಕ್ಕೆ ಇಳಿಯುತ್ತದೆ. ಗೋವಾದ ಜುಲೈ ಮೊದಲ ಲೆಕ್ಕದ್ದು, ಪುಣೆಯ ಮಾರ್ಚ್ ಏಪ್ರಿಲ್ ಮಧ್ಯಾಹ್ನ ಕೊನೆಯ ಲೆಕ್ಕದ್ದು. ಗಿಟಾರಿನ ಹಿಂಬದಿ ಸುಮಾರು 36 ಸೆಂಟಿಮೀಟರ್ ಅಗಲ. ಇಷ್ಟು ವ್ಯತ್ಯಾಸಕ್ಕೆ ಅದು ಕೆಲವು ಮಿಲಿಮೀಟರ್ ಕುಗ್ಗಲು ನೋಡುತ್ತದೆ, ಅಡ್ಡಕ್ಕೆ ಅಂಟಿಸಿದ ಪಟ್ಟಿಗಳು ಕುಗ್ಗಲು ಬಿಡುವುದಿಲ್ಲ. ಆಗ ಟಾಪ್ ಒಳಕ್ಕೆ ತಗ್ಗುತ್ತದೆ, ತಂತಿ ಫ್ರೆಟ್‌ಗೆ ತಾಗುತ್ತದೆ. ಕೊನೆಗೆ ಎಲ್ಲೋ ಒಂದು ಕಡೆ ಮರ ಸೀಳುತ್ತದೆ. ಫ್ರೆಟ್ ತುದಿ ಚುಚ್ಚುವುದು ಅದಕ್ಕೆ ಮೊದಲ ಎಚ್ಚರಿಕೆ. ಲೋಹ ಕುಗ್ಗಿಲ್ಲ, ಅದರ ಸುತ್ತಲಿನ ಮರ ಕುಗ್ಗಿದೆ.

ಗಟ್ಟಿ ಪೆಟ್ಟಿಗೆಯಲ್ಲಿ ಇಡಿ. ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜ್ ಹಾಕಿ ಡಬ್ಬಿಯನ್ನು ಆ ಪೆಟ್ಟಿಗೆಯೊಳಗೆ ಇರಿಸಿ. ನೀರು ತೊಟ್ಟಿಕ್ಕಬಾರದು. ತೇವ ತೋರಿಸುವ ಚಿಕ್ಕ ಮೀಟರ್ ಕಡಿಮೆ ಬೆಲೆಗೆ ಸಿಗುತ್ತದೆ, ಒಂದು ಕೊಂಡುಕೊಳ್ಳಿ, 45ರಿಂದ 55ರ ಒಳಗೆ ಇರುವಂತೆ ನೋಡಿಕೊಳ್ಳಿ. ಎರಡು ಮೂರು ವಾರದಲ್ಲಿ ಟಾಪ್ ಮೇಲೆ ಬರುತ್ತದೆ. ಅಷ್ಟರೊಳಗೆ ಯಾರಾದರೂ ಫ್ರೆಟ್ ಉಜ್ಜುತ್ತೇವೆ, ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ಪಟ್ಟಿ) ಬದಲಿಸುತ್ತೇವೆ ಅಂದರೆ ಬೇಡ ಅನ್ನಿ. ಮಳೆಗಾಲದಲ್ಲಿ ಗಿಟಾರ್ ಮತ್ತೆ ಉಬ್ಬಿದಾಗ ತಂತಿಗಳು ಎತ್ತರವಾಗಿ ಹೊಸ ತಲೆನೋವು ಶುರುವಾಗುತ್ತದೆ.

ಇದರಲ್ಲಿ ಕಟ್ಟುವವರ ಜವಾಬ್ದಾರಿಯೂ ಇದೆ. ಮಳೆಗಾಲದ ತೆರೆದ ಶೆಡ್‌ನಲ್ಲಿ ಪಟ್ಟಿಗಳನ್ನು ಅಂಟಿಸಿದರೆ, ಮರ ಪೂರ್ತಿ ಹಿಗ್ಗಿದ ಸ್ಥಿತಿಯಲ್ಲೇ ಬಂಧಿಯಾಗುತ್ತದೆ. ಆಮೇಲೆ ಅದಕ್ಕೆ ಕುಗ್ಗುವ ದಾರಿ ಒಂದೇ, ಸೀಳುವುದು. ಮುಚ್ಚಿದ ಕೋಣೆಯಲ್ಲಿ ತೇವ ಎಳೆಯುವ ಯಂತ್ರವೋ ಎಸಿಯೋ ಇಟ್ಟು, 45ರ ಆಸುಪಾಸಿನಲ್ಲಿ ಅಂಟಿಸಬೇಕು. ಒಣಗಿದಾಗ ಕಟ್ಟಿದ ಗಿಟಾರ್ ಮಳೆಗಾಲದಲ್ಲಿ ಉಬ್ಬುತ್ತದೆ ಅಷ್ಟೆ, ಒಡೆಯುವುದಿಲ್ಲ. ಗಿಟಾರ್ ಪುಣೆಗೋ ಬಿಜಾಪುರಕ್ಕೋ ಹೋಗುವುದಾದರೆ ಕೊಳ್ಳುವಾಗಲೇ ಅದನ್ನು ಹೇಳಿಬಿಡಿ.

ಪ್ರಶ್ನೆ: ನಮ್ಮದು ಮಿರಜ್ ಮೂಲ, ಮನೆಯಲ್ಲಿ ಸಿತಾರ್, ತಾನ್‌ಪುರ ಮಾಡುವವರು. ನಾನು ಈಗ ಪುಣೆಯಲ್ಲಿದ್ದೇನೆ, ಗಿಟಾರ್ ಕಟ್ಟುವ ಆಸೆ. ನಮ್ಮ ಕೈಗೆಲಸ ಉಪಯೋಗಕ್ಕೆ ಬರುತ್ತಾ? (ಪುಣೆಯ ಓದುಗರು)

ಬಹಳ ಬರುತ್ತದೆ. 2024ರಲ್ಲಿ ಭೌಗೋಳಿಕ ಗುರುತು ಪಡೆದ ಕೈಗೆಲಸ ನಿಮ್ಮ ಊರಿನದು. ಮರದ ಎಳೆ ಓದುವುದು, ಮರವಜ್ರದ ಅಂಟು ಹದಕ್ಕೆ ಕಾಯಿಸುವುದು, ಅರಗಿನ ಪಾಲಿಶ್ ಉಜ್ಜುವುದು ಎಲ್ಲ ನಿಮಗೆ ಗೊತ್ತು. ನೀವು ಸಿತಾರಿಗೆ ಬಳಸುವ ತೂನ್ ಮರ, ನಮ್ಮ ಮಲೆನಾಡಿನವರು ಗಂಧಗರಿಗೆ ಅನ್ನುವುದು, ಗಿಟಾರಿನ ನೆಕ್‌ಗೆ ಹೇಳಿ ಮಾಡಿಸಿದ್ದು. ಸ್ಪೇನಿನವರು ನೆಕ್‌ಗೆ ಬಳಸುವ ಸೆಡ್ರೊ ಇದೇ ಕುಟುಂಬದ ಮರ. ಹಗುರ, ನೇರ, ಸೊಟ್ಟಗಾಗುವುದಿಲ್ಲ.

ಬದಲಾಯಿಸಿಕೊಳ್ಳಬೇಕಾದದ್ದು ಎರಡು. ಸಿತಾರಿನ ಪರದೆ, ಅಂದರೆ ಅದರ ಫ್ರೆಟ್, ಸರಿಸಬಹುದು, ಗಿಟಾರಿನ ಫ್ರೆಟ್ ಒಮ್ಮೆ ಕೂತರೆ ಕೂತ ಹಾಗೆಯೇ. ತಂತಿಯ ಉದ್ದ 650 ಮಿಲಿಮೀಟರ್ ಅಂತಿಟ್ಟುಕೊಂಡರೆ ಅದನ್ನು 17.817ರಿಂದ ಭಾಗಿಸಿ. 36.48 ಬರುತ್ತದೆ, ನಟ್‌ನಿಂದ (ನೆಕ್‌ನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಅಷ್ಟು ದೂರಕ್ಕೆ ಮೊದಲ ಫ್ರೆಟ್. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿ ಎರಡನೆಯದು. ಹೀಗೇ ಹೋದರೆ 12ನೆಯದು ಸರಿಯಾಗಿ ಮಧ್ಯಕ್ಕೆ, 325ಕ್ಕೆ ಬರಬೇಕು. ಬರದಿದ್ದರೆ ಎಲ್ಲೋ ತಪ್ಪಿದೆ ಅಂತ ಅರ್ಥ.

ಎರಡನೆಯದು ಜವಾರಿ. ಸಿತಾರಿನ ಬ್ರಿಡ್ಜ್‌ನಲ್ಲಿ ನೀವು ತಂತಿ ತಾಗಿ ಝೇಂಕರಿಸುವಂತೆ ಗಂಟೆಗಟ್ಟಲೆ ಉಜ್ಜುತ್ತೀರಿ. ಇಲ್ಲಿ ಬ್ರಿಡ್ಜ್ ಮೇಲೆ ತಂತಿ ಒಂದೇ ಗೆರೆಯಲ್ಲಿ ಸ್ವಚ್ಛವಾಗಿ ಕೂರಬೇಕು. ಗಟ್ಟಿಯಾಗಿ ಬಾರಿಸಿದಾಗ ಫ್ರೆಟ್ ಮೇಲೆ ತುಸು ಸದ್ದು ಬಂದರೆ ಫ್ಲಮೆಂಕೊದವರು ಬೇಡ ಅನ್ನುವುದಿಲ್ಲ, ಕ್ಲಾಸಿಕಲ್‌ನವರು ಒಪ್ಪುವುದಿಲ್ಲ. ಆ ತುಸು ಎಷ್ಟು ಅಂತ ಕಿವಿಯಿಂದ ತೂಗುವುದರಲ್ಲಿ ಮಿರಜ್‌ನ ಕಿವಿ ಯಾರಿಗೂ ಕಡಿಮೆ ಇಲ್ಲ. ಸ್ಪೇನಿನ ಪದ್ಧತಿಯಲ್ಲಿ ಅಚ್ಚಿನ ಬದಲು ಸೊಲೆರಾ ಅನ್ನುವ ಹಲಗೆಯ ಮೇಲೆ ಟಾಪ್ ಕವುಚಿಟ್ಟು, ನೆಕ್ ಸೇರಿಸಿ, ಪಕ್ಕಗಳನ್ನು ನೆಕ್‌ನ ಬುಡದ ಸೀಳಿಗೆ ತೂರಿಸಿ, ಕೊನೆಗೆ ಹಿಂಬದಿ ಮುಚ್ಚುತ್ತಾರೆ. ದೊಡ್ಡ ಯಂತ್ರ ಒಂದೂ ಬೇಡ. ಬಾಡಿಗೆ ಮನೆಯ ಒಂದು ಕೋಣೆ ಸಾಕು.

ಪ್ರಶ್ನೆ: ತಂತಿ ಬಿಗಿಸಲು ಹಳೆಯ ಥರ ಮರದ ಗೂಟ ಹಾಕಿಸಲಾ, ಅಥವಾ ತಿರುಪಿನ ಯಂತ್ರವಾ? (ಪಣಜಿಯ ಓದುಗರು)

ತಿರುಪಿನದೇ ಹಾಕಿಸಿ. ಮರದ ಗೂಟ ಹಗುರ, ನೋಡಲೂ ಚೆಂದ, ಆದರೆ ನಮ್ಮ ಮಳೆಗಾಲದಲ್ಲಿ ಹಿಗ್ಗಿ ಕಚ್ಚಿಕೊಳ್ಳುತ್ತದೆ, ಬೇಸಿಗೆಯಲ್ಲಿ ಜಾರುತ್ತದೆ. ಸ್ಪೇನಿನಲ್ಲೂ ಈಗ ಹೆಚ್ಚಿನವರು ತಿರುಪಿನದನ್ನೇ ಬಳಸುತ್ತಾರೆ.

ಪ್ರಶ್ನೆ: ಇಲ್ಲಿನ ಮರದ ಗಿಟಾರ್ ಅಂತ ಹೇಳಿ ಮಾರಿದರೆ ನಂಬುವುದು ಹೇಗೆ? ಕೊಳ್ಳುವಾಗ ಏನು ನೋಡಬೇಕು? (ಮೀರಾ ರೋಡ್‌ನ ಓದುಗರು)

ಮೊದಲು ಮಧ್ಯದ ತೂತಿನ ಅಂಚು ನೋಡಿ. ಮೇಲಿನ ಎಳೆ ಅಂಚಿನಲ್ಲಿ ಹಾಗೇ ಕೆಳಗಿಳಿದರೆ ಅದು ಗಟ್ಟಿ ಹಲಗೆ. ಪದರ ಪದರ ಕಂಡರೆ ಪ್ಲೈವುಡ್. ಚಿಕ್ಕ ಕನ್ನಡಿ ಒಳಗೆ ಹಿಡಿದು ಹಿಂಬದಿಯ ಒಳಮೈ ನೋಡಿ, ಹೊರಗಿನ ಗಂಟು, ಎಳೆ ಒಳಗೂ ಅದೇ ಜಾಗದಲ್ಲಿ ಕಾಣಬೇಕು. ಮರ ಯಾವ ಊರಿನದು, ಯಾವಾಗ ಕೊಯ್ದದ್ದು, ಎಷ್ಟು ಕಾಲ ಒಣಗಿಸಿದ್ದು ಅಂತ ಕೇಳಿ. ಕೈಯಾರೆ ಕಟ್ಟಿದವರಿಗೆ ಇದೆಲ್ಲ ನಾಲಿಗೆ ತುದಿಯಲ್ಲಿರುತ್ತದೆ, ಸಾಗಣೆಯ ಕಾಗದವನ್ನೂ ತೋರಿಸುತ್ತಾರೆ.

ಆಮೇಲೆ ನುಡಿಸಿ. ನಿಮಗೆ ಬರದಿದ್ದರೆ ಬರುವವರನ್ನು ಕರೆದೊಯ್ಯಿರಿ. ಮೆಲ್ಲಗೆ ಒಂದೊಂದು ತಂತಿ ಮೀಟಿ ಚೆನ್ನಾಗಿದೆ ಅಂತ ತೀರ್ಮಾನ ಮಾಡಬೇಡಿ. ಜೋರಾಗಿ ರಸ್ಗೆಯಾಡೊ ಬಾರಿಸಿ, ಥಟ್ಟನೆ ಅಂಗೈಯಿಂದ ತಂತಿ ಹಿಡಿಯಿರಿ. ಬಾರಿಸಿದಾಗ ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಕೇಳಬೇಕು, ಹಿಡಿದ ತಕ್ಷಣ ಪೆಟ್ಟಿಗೆಯೊಳಗೆ ಗುಂಯ್ ಅನ್ನುವುದು ಉಳಿಯಬಾರದು. ಬೇಸಿಗೆ, ಮಳೆಗಾಲ ಎರಡನ್ನೂ ಒಮ್ಮೆ ದಾಟಿದ ಗಿಟಾರ್ ಸಿಕ್ಕರೆ ಹೊಸದಕ್ಕಿಂತ ಅದನ್ನೇ ಆರಿಸಿ. ಬಿರುಕು ಬಿಡುವುದಿದ್ದರೆ ಹೆಚ್ಚಾಗಿ ಮೊದಲ ವರ್ಷದಲ್ಲೇ ಬಿಟ್ಟಿರುತ್ತದೆ.